ಗುಳಿಗೆಯ ಚೀಲ, ಕಂಡಿಕೆಯ ಬಣ್ಣ: ಬಾಗಲಕೋಟೆ ಜಿಲ್ಲೆಯ ಒಬ್ಬ ತಾಯಿಯ ಮರೆವಿನ ಪ್ರಕರಣ

ಗುರುತು ಸಿಗದಂತೆ ಊರು, ವಯಸ್ಸು, ಮನೆತನದ ವಿವರಗಳನ್ನು ಮರೆಮಾಡಿ ಬರೆದ ಪ್ರಕರಣ ಇದು. ಮನೆಯವರು ಕರೆಯುವಂತೆ ಇಲ್ಲಿಯೂ ಅವರನ್ನು ಅವ್ವ ಎಂದೇ ಕರೆದಿದೆ. ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರು ಓದಲಿ ಎಂದು ಬರೆದದ್ದು. ಇಲ್ಲಿನ ಗುಳಿಗೆಗಳನ್ನು ನೋಡಿ ಯಾರೂ ತಮ್ಮ ಗುಳಿಗೆಯನ್ನು ತಾವೇ ನಿಲ್ಲಿಸಬಾರದು.

ಹಿನ್ನೆಲೆ

ಅವ್ವನಿಗೆ 66 ವರ್ಷ. ಬಾಗಲಕೋಟೆ ಜಿಲ್ಲೆಯ ನೇಕಾರ ಪಟ್ಟಣದ ಮನೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟು ಕಂಡಿಕೆ (ನೇಯಲು ನೂಲು ಸುತ್ತುವ ಸಣ್ಣ ಕೊಳವೆ) ಸುತ್ತಲು ಕೂತವರು. ಸಹಿ ಮಾಡುತ್ತಾರೆ, ಬಸ್ಸಿನ ಬೋರ್ಡ್ ಓದಲಾರರು. ಆ ತಲೆಮಾರಿನ ಹೆಣ್ಣುಮಕ್ಕಳಲ್ಲಿ ಇದು ಹೊಸದಲ್ಲ. 1961ರ ಜನಗಣತಿಯಲ್ಲಿ ದೇಶದ ಹೆಂಗಸರಲ್ಲಿ ಅಕ್ಷರ ಬಲ್ಲವರು ಶೇ 15ರಷ್ಟು ಮಾತ್ರ. ಐವತ್ತು ವರ್ಷ ಮಗ್ಗದ ಸದ್ದಿನಲ್ಲೇ ಕೆಲಸ; ಕೈಮಗ್ಗ ಹೋಗಿ ಪವರ್‌ಲೂಮ್ ಬಂದ ಮೇಲೆ ಸದ್ದು ಇನ್ನೂ ಹೆಚ್ಚಾಯಿತು. ಮೂರು ವರ್ಷದ ಹಿಂದೆ ಗಂಡ ತೀರಿಕೊಂಡರು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ ಇದ್ದಾರೆ. ಶುದ್ಧ ಸಸ್ಯಾಹಾರ, ಸೋಮವಾರ ಒಪ್ಪತ್ತು, ಶ್ರಾವಣದಲ್ಲಿ ಅದೂ ಬಿಗಿ.

ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ 500 ಮಿ.ಗ್ರಾಂ ದಿನಕ್ಕೆ ಎರಡು, ಗ್ಲಿಮಿಪಿರೈಡ್ 2 ಮಿ.ಗ್ರಾಂ ಬೆಳಿಗ್ಗೆ, ಎದೆಯುರಿಗೆ ಪ್ಯಾಂಟೊಪ್ರಜೋಲ್ 40. ಅಂಗಾಲು ಉರಿಯುತ್ತದೆ ಎಂದು ಒಂದೂವರೆ ವರ್ಷದಿಂದ ರಾತ್ರಿ ಅಮಿಟ್ರಿಪ್ಟಿಲಿನ್ 25.

36ನೇ ವಯಸ್ಸಿನಲ್ಲಿ ‘ಗರ್ಭಚೀಲ ತೆಗೆಸೀವಿ’ ಎಂಬುದು ಮೊದಲ ಆಸ್ಪತ್ರೆಯ ಚೀಟಿಯಲ್ಲಿ ಎರಡೇ ಪದವಾಗಿ ಇತ್ತು. ಅಂಡಾಶಯಗಳನ್ನೂ ತೆಗೆದರೇ, ಉಳಿಸಿದರೇ ಎಂದು ಯಾರೂ ಬರೆದಿರಲಿಲ್ಲ.

ಬಸ್ ತಪ್ಪಿದ ದಿನ

ಮಗ ಆಸ್ಪತ್ರೆಗೆ ಕರೆತಂದದ್ದು ಒಂದು ಘಟನೆಯ ನಂತರ. ಮುಧೋಳ ಕಡೆಯ ಹಳ್ಳಿಯಲ್ಲಿರುವ ಮಗಳ ಮನೆಗೆ ಅವ್ವ ಒಬ್ಬರೇ ಹೊರಟಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಈ ಓಡಾಟ ರೂಢಿಯಾಗಿತ್ತು. ಗದ್ದನಕೇರಿ ಕ್ರಾಸಿನಲ್ಲಿ ಮುಧೋಳದ ಬಸ್ ಬಿಟ್ಟು ವಿಜಯಪುರದ ಬಸ್ ಹತ್ತಿದರು. ಕೊಲ್ಹಾರದ ಹತ್ತಿರ ಅಳುತ್ತ ಕೂತದ್ದನ್ನು ಕಂಡು ಕಂಡಕ್ಟರ್ ಇಳಿಸಿ, ಹೋಟೆಲಿನಲ್ಲಿ ಚಹಾ, ಬಿಸ್ಕಿಟ್ ಕೊಡಿಸಿದರು. ಅರ್ಧ ಗಂಟೆಯಲ್ಲಿ ಅವ್ವ ಮಗನ ಅಂಗಡಿಯ ಹೆಸರು ಹೇಳಿದರು. ಯಾರೋ ಫೋನ್ ಮಾಡಿದರು.

ಈ ಘಟನೆಯಲ್ಲಿ ಮೂರು ಸುಳಿವುಗಳಿದ್ದವು. ಅಂದು ಶ್ರಾವಣ ಸೋಮವಾರ. ಶೂನ್ಯ ಟಿಕೆಟ್ಟಿನಲ್ಲಿ ‘ವಿಜಯಪುರ’ ಎಂದಿತ್ತು. ಅಂದರೆ ತಪ್ಪು ಬೋರ್ಡು ನೋಡುವ ಮಾತಿರಲಿ, ಕೇಳಿದಾಗ ಊರಿನ ಹೆಸರೇ ಬೇರೆ ಬಂದಿತ್ತು. ಸಿಹಿ ಚಹಾ ಕುಡಿದ ಮೇಲೆ ತಲೆ ತಿಳಿಯಾಗಿತ್ತು. ಮೊದಲ ಭೇಟಿಯಲ್ಲಿ ಈ ಮೂರೂ ದಾಖಲಾಗಲಿಲ್ಲ. ‘ದಾರಿ ತಪ್ಪಿದರು, ಎರಡು ತಿಂಗಳಿಂದ ಮರೆವು’ ಎಂದಷ್ಟೇ ಬರೆಯಲಾಯಿತು. ಹೇಳಿದ್ದು ಮಗ; ಸೊಸೆ ಮೊಮ್ಮಗುವಿನ ಜೊತೆ ಹೊರಗೆ ಬೆಂಚಿನ ಮೇಲಿದ್ದರು.

17 ಅಂಕದೊಳಗೆ ಏನಿತ್ತು

ಎಂಎಂಎಸ್‌ಇ ಎಂಬ, ಪ್ರಶ್ನೆ ಕೇಳಿ ನೆನಪು, ಲೆಕ್ಕ, ಭಾಷೆ ಅಳೆಯುವ ಪರೀಕ್ಷೆಯಲ್ಲಿ 30ಕ್ಕೆ 17 ಬಂತು. ಎಂಆರ್‌ಐನಲ್ಲಿ ವಯಸ್ಸಿಗೆ ತಕ್ಕ ಸವಕಳಿ, ಸಣ್ಣ ರಕ್ತನಾಳಗಳ ಕೆಲವು ಕಲೆಗಳು. ಥೈರಾಯ್ಡ್ ಸರಿಯಿತ್ತು. ಬಿ12 ಜೀವಸತ್ವ ನೋಡಿರಲಿಲ್ಲ. ಆಲ್ಜೈಮರ್ ಡಿಮೆನ್ಶಿಯಾ (ಮೆದುಳು ಸವೆದು ನೆನಪು ಕುಂದುತ್ತ ಹೋಗುವ ಕಾಯಿಲೆ) ಎಂದು ನಿರ್ಧರಿಸಿ ಅದಕ್ಕೆ ಕೊಡುವ ಗುಳಿಗೆ ಡೊನೆಪೆಜಿಲ್ 5 ಮಿ.ಗ್ರಾಂ, ಐದು ವಾರದ ನಂತರ 10.

ಕಳೆದುಹೋದ 13 ಅಂಕಗಳನ್ನು ಬಿಡಿಸಿ ನೋಡಿದರೆ ಚಿತ್ರ ಬೇರೆ. ನೂರರಿಂದ ಏಳೇಳು ಕಳೆಯುವುದಕ್ಕೆ 5, ವಾಕ್ಯ ಓದುವುದಕ್ಕೆ 1, ಬರೆಯುವುದಕ್ಕೆ 1, ಐದು ಮೂಲೆಯ ಚಿತ್ರ ನಕಲು ಮಾಡುವುದಕ್ಕೆ 1: ಈ ಎಂಟು ಶಾಲೆಯ ಅಂಕಗಳು, ಮೆದುಳಿನವಲ್ಲ. ಇಸವಿ ಮತ್ತು ತಾರೀಖು 2. ಅವರ ಲೆಕ್ಕದಲ್ಲಿ ದಿನ ನಡೆಯುವುದು ಹುಣ್ಣಿಮೆ, ಅಮಾವಾಸ್ಯೆಯ ಮೇಲೆ. ನಾಗಪಂಚಮಿ ಆಗಿ ಎಷ್ಟು ದಿನವಾಯಿತು ಎಂದು ಕೇಳಿದರೆ ಸರಿಯಾಗಿ ಹೇಳುತ್ತಿದ್ದರು. ಉಳಿದ 3 ಅಂಕ, ಐದು ನಿಮಿಷದ ಹಿಂದೆ ಹೇಳಿದ ಮೂರು ಪದಗಳನ್ನು ನೆನಪಿಸಿಕೊಳ್ಳುವುದು. ಅಲ್ಲಿ ಸೊನ್ನೆ. ಆ ಸೊನ್ನೆಯೇ ನಿಜವಾದ ಎಚ್ಚರಿಕೆ. ಅದು ಮೊತ್ತದೊಳಗೆ ಮುಳುಗಿತ್ತು. ಮೊತ್ತ ನೋಡಿದವರು ಕಾಯಿಲೆ ಮುಂದುವರಿದಿದೆ ಎಂದುಕೊಂಡರು. ಸೊನ್ನೆಯನ್ನು ನೋಡಿದ್ದರೆ ‘ನೆನಪಿನಲ್ಲಿ ದೋಷ ಇದೆ, ಆದರೆ ಎಷ್ಟು ಎಂದು ಈ ಪರೀಕ್ಷೆ ಹೇಳಲಾರದು’ ಎಂದು ನಿಲ್ಲುತ್ತಿದ್ದರು.

ಓದು ಬಾರದವರಿಗೆಂದು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ರೂಪಿಸಿದ ನೆನಪಿನ ಪರೀಕ್ಷೆ ಎಚ್‌ಎಂಎಸ್‌ಇ ಇದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ನರಜ್ಞಾನ ಪರೀಕ್ಷಾ ಸಂಚಯ ಕನ್ನಡದಲ್ಲೂ ಸಿಗುತ್ತದೆ. ಹೊರರೋಗಿ ವಿಭಾಗದ ಗದ್ದಲದಲ್ಲಿ ಕೈಗೆ ಸಿಕ್ಕಿದ್ದು ಹಳೆಯ ಜೆರಾಕ್ಸ್ ಹಾಳೆ.

ಇನ್ನೊಂದು ತೊಡಕು ಎದುರು ದಿಕ್ಕಿನದು. ಪದಗಳನ್ನು ನೆನಪಿಡುವುದರಲ್ಲಿ ಹೆಂಗಸರು ಸರಾಸರಿಯಲ್ಲಿ ಗಂಡಸರಿಗಿಂತ ಮುಂದು. ಹೀಗಾಗಿ ಓದಿದ ಹೆಣ್ಣುಮಕ್ಕಳಲ್ಲಿ ಆಲ್ಜೈಮರ್ ಸುರುವಾದರೂ ಪದಪಟ್ಟಿಯ ಅಂಕ ಕೆಲಕಾಲ ‘ಸಹಜ’ದೊಳಗೇ ಉಳಿದು, ಕಾಯಿಲೆ ತಡವಾಗಿ ಸಿಕ್ಕಿಬೀಳುತ್ತದೆ. ಅದೇ ಹಾಳೆ ನಿವೃತ್ತ ಶಿಕ್ಷಕಿಯಲ್ಲಿ ಕಾಯಿಲೆಯನ್ನು ಮುಚ್ಚಬಹುದು, ಅವ್ವನಂಥವರಲ್ಲಿ ಇಲ್ಲದ ತೀವ್ರತೆಯನ್ನು ತೋರಿಸಬಹುದು.

ದಿನನಿತ್ಯದ ಕೆಲಸದ ಅಳತೆಯಲ್ಲೂ ಇದೇ ಕಥೆ. ಬಳಸಿದ್ದು ಲಾಟನ್ ಮತ್ತು ಬ್ರಾಡಿ 1969ರಲ್ಲಿ ರೂಪಿಸಿದ ಮಾಪಕ. ಅದರ ಮೂಲ ರೂಪದಲ್ಲಿ ಹೆಂಗಸರಿಗೆ ಎಂಟು ಅಂಶ. ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದನ್ನು ಬಿಟ್ಟು ಐದು. ಯಾರು ಯಾವ ಕೆಲಸ ಮಾಡುತ್ತಾರೆ ಎಂಬ ಊಹೆಯನ್ನು ಮಾಪಕದೊಳಗೇ ಕೂರಿಸಿದ್ದರು. ಅವ್ವನಿಗೆ ಬಂದದ್ದು 3. ಬ್ಯಾಂಕು, ಫೋನು, ಗುಳಿಗೆ, ಸಂತೆ ಎಲ್ಲಕ್ಕೂ ‘ಆಗುವುದಿಲ್ಲ’. ಆದರೆ ಬ್ಯಾಂಕಿನ ಕೆಲಸ ಅವರು ಎಂದೂ ಮಾಡಿದವರಲ್ಲ. ಮೊದಲು ಗಂಡ, ಈಗ ಮಗ.

ಗುಳಿಗೆ ಗುಳಿಗೆಯನ್ನು ಕರೆದದ್ದು

ಡೊನೆಪೆಜಿಲ್ 10ಕ್ಕೆ ಏರಿದ ಮೂರನೇ ವಾರ ಮೂತ್ರ ತಡೆಯಲಾಗದಂತಾಯಿತು. ಈ ಔಷಧಿ ಮೆದುಳಿನಲ್ಲಿ ನೆನಪಿಗೆ ಬೇಕಾದ ರಾಸಾಯನಿಕ ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ. ಅದೇ ರಾಸಾಯನಿಕ ಮೂತ್ರಕೋಶವನ್ನು ಹಿಂಡುವಂತೆಯೂ ಮಾಡುತ್ತದೆ. ಅವ್ವ ಮಗನಿಗೆ ಹೇಳಲಿಲ್ಲ, ಗಂಡು ಡಾಕ್ಟರಿಗೆ ಹೇಳುವ ಮಾತೇ ಇಲ್ಲ. ಪಕ್ಕದ ಮನೆಯಾಕೆಯ ಜೊತೆ ಹೋಗಿ ಬೇರೊಬ್ಬ ವೈದ್ಯರಿಗೆ ತೋರಿಸಿ, ಆಕ್ಸಿಬ್ಯುಟಿನಿನ್ 5 ಮಿ.ಗ್ರಾಂ ದಿನಕ್ಕೆ ಎರಡು ತಂದುಕೊಂಡರು. ಅದು ಅಸಿಟೈಲ್‌ಕೋಲಿನ್ ಅನ್ನು ತಡೆಯುವ ಗುಳಿಗೆ. ಅಮಿಟ್ರಿಪ್ಟಿಲಿನ್ ಕೆಲಸವೂ ಅದೇ ಕಡೆಗೆ. ಒಂದು ಎತ್ತನ್ನು ಬಂಡಿಯ ಮುಂದೆ, ಎರಡನ್ನು ಹಿಂದೆ ಕಟ್ಟಿದ ಹಾಗಾಯಿತು.

ಬಟ್ಟೆ ಒದ್ದೆಯಾದೀತೆಂದು ಅವ್ವ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಮೈಲಿಗೆಯಾಗುತ್ತದೆ ಎಂದು ಗುಡಿಗೆ, ಮಠಕ್ಕೆ ಹೋಗುವುದನ್ನು ಬಿಟ್ಟರು. ಮಗ ಇದನ್ನು ‘ಯಾವುದರಾಗೂ ಮನಸ್ಸಿಲ್ಲ’ ಎಂದು ಹೇಳಿದ. ಚೀಟಿಯಲ್ಲಿ ಅದು ಡಿಮೆನ್ಶಿಯಾದ ಉದಾಸೀನತೆ ಎಂದು ದಾಖಲಾಯಿತು. ಮಲಬದ್ಧತೆ ಬಂತು, ಬಾಯಿ ಒಣಗಿತು. ಎರಡು ವಾರದಲ್ಲಿ ರಾತ್ರಿ ಮಂಚದ ಮೇಲೆ ಹುಡುಗರು ಕೂತಿದ್ದಾರೆ ಎನ್ನತೊಡಗಿದರು. ಮನೆಯವರು ಕಾಯಿಲೆ ಒಮ್ಮೆಲೇ ಏರಿತು ಎಂದು ತಿಳಿದರು. ‘ಅರವತ್ತಕ್ಕ ಅರಳು ಮರಳು’ ಎಂದು ಬಂಧುಗಳು ಸಮಾಧಾನ ಹೇಳಿದರು.

ಚಾಪೆಯ ಮೇಲೆ ಗುಳಿಗೆ ಸುರಿದಾಗ

ಪ್ರಕರಣ ತಿರುಗಿದ್ದು ಆಮೇಲೆ ಅವ್ವನನ್ನು ನೋಡಿದ ಎರಡನೇ ವೈದ್ಯ ತಂಡದ ಎರಡು ನಿರ್ಧಾರಗಳಿಂದ.

ಮೊದಲನೆಯದು, ಸೊಸೆಯನ್ನು ಬೇರೆ ಕೋಣೆಯಲ್ಲಿ, ಹೆಣ್ಣು ನರ್ಸ್ ಕೂತು ಮಾತಾಡಿಸಿದ್ದು. ಮಗ ‘ಎರಡು ತಿಂಗಳು’ ಎಂದದ್ದು ಸೊಸೆಯ ಬಾಯಲ್ಲಿ ಎರಡು ವರ್ಷವಾಯಿತು. ‘ಅತ್ತಿಯವ್ರು ರೊಟ್ಟಿ ಈಗೂ ಚಲೋ ಬಡೀತಾರ್ರೀ ಅಕ್ಕಾರ, ಆದ್ರ ಹಿಟ್ಟು ಎರಡ ಸಲ ಕಲಸ್ತಾರ. ಕೆಂಪು ಕಂಡಿಕಿ ಕೊಡ್ರಿ ಅಂದ್ರ ಹಸರು ಕೊಡ್ತಾರ. ನಾನ ಮಾಡ್ಕೊಂಡ್ ಬಿಡ್ತೇನ್ರೀ, ಯಾರಿಗ್ ಹೇಳೂದು.’ ಮರೆವು ಸುರುವಾದಾಗ ಸೊಸೆ ಸದ್ದಿಲ್ಲದೆ ಆ ಕೆಲಸಗಳನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದಳು. ಹಾಗಾಗಿ ಮಗನಿಗೆ ಏನೂ ಕಾಣಲಿಲ್ಲ. ಗಂಡಸು ಮರೆತರೆ ಬ್ಯಾಂಕಿನ ಚೆಕ್ಕು ವಾಪಸು ಬರುತ್ತದೆ, ಊರಿಗೆ ಗೊತ್ತಾಗುತ್ತದೆ. ಹೆಂಗಸು ಮರೆತರೆ ಅಡುಗೆಮನೆಯಲ್ಲಿ ಇನ್ನೊಬ್ಬ ಹೆಂಗಸಿನ ಕೆಲಸ ಹೆಚ್ಚಾಗುತ್ತದೆ, ಅಷ್ಟೆ.

ರೊಟ್ಟಿ ಬಡಿಯುವ ಕೈ ತಪ್ಪದಿರುವುದು ನೆನಪು ಗಟ್ಟಿಯಿರುವುದಕ್ಕೆ ಪುರಾವೆಯಲ್ಲ. ಕೈಗೆ ಕೂತ ಕೆಲಸದ ನೆನಪು ಮೆದುಳಿನ ಬೇರೆ ಭಾಗದ್ದು, ಬಹಳ ಕಾಲ ಉಳಿಯುತ್ತದೆ. ಸೋಬಾನೆ ಪದ ಪೂರ್ತಿ ಹಾಡುವುದೂ ಹಾಗೆಯೇ. ಹಿಟ್ಟು ಕಲಸಿ ಆಯಿತೇ ಎಂಬುದು, ಬಣ್ಣಗಳ ಸರದಿ: ಇವು ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಮತ್ತು ಮೆದುಳಿನ ಹಣೆಭಾಗದ ಕೆಲಸ, ಮೊದಲು ಸವೆಯುವುದು ಇಲ್ಲೇ.

ಇದರ ಮೇಲೆ ತಂಡ ಮಾಪಕವನ್ನು ಬದಲಿಸಿತು. ಪ್ರತಿ ಕೆಲಸಕ್ಕೂ ಮೂರು ಮನೆ: ‘ಎಂದೂ ಮಾಡಿಲ್ಲ’, ‘ಈಗಲೂ ಮಾಡುತ್ತಾರೆ’, ‘ಮಾಡುತ್ತಿದ್ದರು, ಬಿಟ್ಟಿದ್ದಾರೆ ಅಥವಾ ತಪ್ಪುತ್ತಾರೆ’. ಮೂರನೆಯದಕ್ಕೆ ಮಾತ್ರ ಅಂಕ. ಕೆಲಸಗಳೂ ಅವ್ವನ ಮನೆಯವೇ: ಕಂಡಿಕೆಯ ಬಣ್ಣ ಆರಿಸುವುದು, ಸ್ವಸಹಾಯ ಸಂಘದ ವಾರದ ಕಂತು, ಹಾಲಿನವನ ಲೆಕ್ಕ, ಒಪ್ಪತ್ತಿನ ವಾರ ನೆನಪಿಡುವುದು, ಬೀಸಲು ಕೊಟ್ಟ ಜೋಳ ತರುವುದು. ಬ್ಯಾಂಕು, ಫೋನು ಮೊದಲ ಮನೆಗೆ ಹೋದವು. ಎರಡು ಮಾತ್ರ ಮೂರನೆಯದರಲ್ಲಿ ಉಳಿದವು: ಕಂಡಿಕೆ, ಸಂಘದ ಕಂತು.

ಎರಡನೆಯ ನಿರ್ಧಾರ: ‘ಯಾವ ಗುಳಿಗೆ ತಗೊಳ್ತೀರಿ’ ಎಂದು ಕೇಳದೆ, ಮನೆಯಲ್ಲಿರುವ ಎಲ್ಲ ಗುಳಿಗೆ, ಔಷಧಿ ಬಾಟಲಿ, ಅರ್ಧ ಖಾಲಿಯಾದ ಪಟ್ಟಿಗಳನ್ನು ಚೀಲದಲ್ಲಿ ತಂದು ಚಾಪೆಯ ಮೇಲೆ ಸುರಿಯಲು ಹೇಳಿದ್ದು. ಆಕ್ಸಿಬ್ಯುಟಿನಿನ್ ಸಿಕ್ಕಿದ್ದು ಹೀಗೆ. ಜೊತೆಗೆ ಕ್ಲೋರ್‌ಫೆನಿರಮಿನ್ ಇರುವ ಕೆಮ್ಮಿನ ಔಷಧಿ. ಅಮಿಟ್ರಿಪ್ಟಿಲಿನ್ ಸೇರಿ ಮಂಕು ತರುವ ಮೂರು ಔಷಧಿಗಳು ಒಟ್ಟಿಗೆ. ಕೈಗೆ ಸಿಕ್ಕ ನಾಡಿ ನಿಮಿಷಕ್ಕೆ 54. ಡೊನೆಪೆಜಿಲ್ ನಾಡಿಯನ್ನೂ ಇಳಿಸುತ್ತದೆ, ಹೀಗಾಗಿ ಇಸಿಜಿ ಮಾಡದೆ 10ರಲ್ಲಿ ಮುಂದುವರಿಸುವಂತಿರಲಿಲ್ಲ.

ಪರೀಕ್ಷೆಗಳು: ಬಿ12 148 ಪಿಕೊಗ್ರಾಂ, 200ಕ್ಕಿಂತ ಕೆಳಗಿದ್ದರೆ ಕೊರತೆ. ಹಿಮೋಗ್ಲೋಬಿನ್ 10.4, ಕೆಂಪು ಕಣ ದೊಡ್ಡದು. ಹತ್ತು ವರ್ಷ ಮೀರಿದ ಮೆಟ್‌ಫಾರ್ಮಿನ್, ಪ್ಯಾಂಟೊಪ್ರಜೋಲ್, ಸಸ್ಯಾಹಾರ: ಮೂರೂ ಬಿ12 ಅನ್ನು ಇಳಿಸುವವೇ. ಅಂಗಾಲಿನ ಉರಿ ಅದರಿಂದಲೂ ಬರಬಹುದಾಗಿತ್ತು. ಉರಿಗೆ ಕೊಟ್ಟ ಗುಳಿಗೆಯೇ ತಲೆಯನ್ನು ಮಂಕು ಮಾಡುತ್ತಿತ್ತು. ಮೂತ್ರದಲ್ಲಿ ಇ. ಕೋಲಿ ಸೋಂಕು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.3; ಈ ವಯಸ್ಸಿಗೆ, ಈ ಸ್ಥಿತಿಗೆ ಅದು ಸಕ್ಕರೆ ‘ಚೆನ್ನಾಗಿದೆ’ ಎಂದು ಹೇಳುವುದಿಲ್ಲ, ಸಕ್ಕರೆ ಬಹಳ ಇಳಿಯುತ್ತಿರಬಹುದು ಎಂದು ಹೇಳುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಕೊಟ್ಟು ಮುಂದಿನ ಸೋಮವಾರ ಬೆಳಿಗ್ಗೆ 11ಕ್ಕೆ ನೋಡಲು ಹೇಳಿದರು: 58. ಒಪ್ಪತ್ತಿನ ಖಾಲಿ ಹೊಟ್ಟೆಯಲ್ಲಿ ಗ್ಲಿಮಿಪಿರೈಡ್ ಸಕ್ಕರೆಯನ್ನು ತೀರ ಇಳಿಸುತ್ತಿತ್ತು. ಕೊಲ್ಹಾರದ ಸಿಹಿ ಚಹಾ ಆಗ ಅರ್ಥವಾಯಿತು.

ಕಿವಿ ಪರೀಕ್ಷೆಯಲ್ಲಿ ಎರಡೂ ಕಡೆ ಮಧ್ಯಮ ಕಿವುಡು. ನೆನಪಿನ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಮೂರು ಪದಗಳನ್ನು ಅವ್ವ ತಿರುಗಿ ಹೇಳುವವರೆಗೆ ಮುಂದೆ ಹೋಗಲಿಲ್ಲ. ಕೇಳದ ಪದವನ್ನು ಮರೆತದ್ದೆಂದು ಎಣಿಸುವುದು ನಮ್ಮ ಆಸ್ಪತ್ರೆಗಳಲ್ಲಿ ದಿನವೂ ನಡೆಯುವ ತಪ್ಪು.

ಏನು ಮೊದಲು, ಏನು ನಂತರ

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಆದರೆ ಅಪಾಯಕಾರಿಯಾದದ್ದು ಕಾಯಬಾರದು. ಚಿಕಿತ್ಸೆಯ ಮೊದಲ ದಿನವೇ ಆಕ್ಸಿಬ್ಯುಟಿನಿನ್, ಕೆಮ್ಮಿನ ಔಷಧಿ, ಗ್ಲಿಮಿಪಿರೈಡ್ ನಿಂತವು. ಡೊನೆಪೆಜಿಲ್ 5ಕ್ಕೆ ಇಳಿದು ರಾತ್ರಿಯ ಬದಲು ಬೆಳಿಗ್ಗೆಗೆ ಬಂತು. ಸೋಂಕಿಗೆ ಐದು ದಿನದ ಔಷಧಿ. ಬಿ12 ಚುಚ್ಚುಮದ್ದು 1000 ಮೈಕ್ರೋಗ್ರಾಂ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ಒಂದು ತಿಂಗಳು ವಾರಕ್ಕೊಂದು, ಮುಂದೆ ತಿಂಗಳಿಗೊಂದು. ಎರಡು ವಾರದ ನಂತರ ಅಮಿಟ್ರಿಪ್ಟಿಲಿನ್ 25ರಿಂದ 10, ಇನ್ನೆರಡು ವಾರಕ್ಕೆ ಬಂದ್. ಪ್ಯಾಂಟೊಪ್ರಜೋಲ್ ಕೊನೆಗೆ, ನಿಲ್ಲಿಸಿದಾಗ ಕೆಲವು ದಿನ ಎದೆಯುರಿ ಹೆಚ್ಚುತ್ತದೆ ಎಂದು ಮೊದಲೇ ಹೇಳದಿದ್ದರೆ ಮನೆಯವರು ತಾವೇ ತಿರುಗಿ ಸುರು ಮಾಡುತ್ತಾರೆ.

ಮೂತ್ರಕ್ಕೆ ಗುಳಿಗೆ ಕೊಡಲಿಲ್ಲ. ಎರಡು ತಾಸಿಗೊಮ್ಮೆ ಸೊಸೆ ಎಬ್ಬಿಸಿ ಕಳಿಸುವುದು, ಸಂಜೆ ಆರರ ಮೇಲೆ ಚಹಾ ಇಲ್ಲ, ಹಗಲು ಆರು ಲೋಟ ನೀರು, ಮೂತ್ರ ತಡೆಯುವ ಸ್ನಾಯು ಬಿಗಿಹಿಡಿಯುವ ವ್ಯಾಯಾಮ, ರಾತ್ರಿ ಪ್ಯಾಡ್.

ಒಪ್ಪತ್ತನ್ನು ಬಿಡಿಸುವ ಚರ್ಚೆ ನಡೆಯಿತು. ತಂಡ ವ್ರತಕ್ಕೆ ಕೈ ಹಾಕದೆ ಗುಳಿಗೆಯನ್ನೇ ತೆಗೆಯಿತು. ಅವ್ವ ವ್ರತ ಬಿಡುವವರಲ್ಲ, ಮುಚ್ಚಿ ಮಾಡುತ್ತಿದ್ದರು. ಆಗ ಅಪಾಯ ಇನ್ನೂ ಹೆಚ್ಚು. ಬೆಳಿಗ್ಗೆ ಹಾಲು, ಬಾಳೆಹಣ್ಣು, ಹಿಡಿ ಶೇಂಗಾ ಎಂದು ಒಪ್ಪಂದವಾಯಿತು. ಎಚ್‌ಬಿಎ1ಸಿ 7.5ರ ಆಸುಪಾಸಿಗೆ ಏರಿದರೂ ಚಿಂತೆಯಿಲ್ಲ ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದರು, ಮುಂದಿನ ವೈದ್ಯರು ಮತ್ತೆ ಗ್ಲಿಮಿಪಿರೈಡ್ ಸೇರಿಸಬಾರದೆಂದು.

ಹಳೆಯ ಆಪರೇಶನ್ ಬಗ್ಗೆ ನರ್ಸ್ ಕೇಳಿದ ಪ್ರಶ್ನೆ ಸರಳ: ‘ಆಪರೇಶನ್ ಆದ ತಿಂಗಳಾಗ ಮೈ ಭಗ್ ಅಂತ ಉರೀತಿತ್ತೇನವ್ವ, ಬೆವರು ಬರ್ತಿತ್ತೇನು?’ ಬರುತ್ತಿತ್ತು. ಟ್ರಂಕಿನಲ್ಲಿದ್ದ ಹಳೆ ಡಿಸ್‌ಚಾರ್ಜ್ ಕಾಗದದಲ್ಲಿ ಎರಡೂ ಅಂಡಾಶಯ ತೆಗೆದದ್ದು ಇತ್ತು. ಮುಟ್ಟು ತಾನಾಗಿ ನಿಲ್ಲುವ ವಯಸ್ಸಿಗಿಂತ ಬಹಳ ಮೊದಲು ಎರಡೂ ಅಂಡಾಶಯ ಹೋದರೆ ಮುಂದೆ ನೆನಪಿನ ಕುಂದು, ಡಿಮೆನ್ಶಿಯಾ ಬರುವ ಸಾಧ್ಯತೆ ಹೆಚ್ಚು ಎಂದು ಅಮೆರಿಕದ ಮೇಯೊ ಕ್ಲಿನಿಕ್‌ನ ದೀರ್ಘ ಅಧ್ಯಯನ 2007ರಲ್ಲಿ ತೋರಿಸಿತ್ತು. ಆಗಲೇ ಅಂಡಾಶಯದ ಹಾರ್ಮೋನ್ ಈಸ್ಟ್ರೊಜೆನ್ ಕೊಟ್ಟಿದ್ದರೆ ಉಪಯೋಗವಿತ್ತೇನೋ, ಕೊಟ್ಟಿರಲಿಲ್ಲ. ಈಗ ಕೊಡೋಣವೇ ಎಂದು ಮಗ ಕೇಳಿದ. ಬೇಡ ಎಂಬುದಕ್ಕೆ ಆಧಾರವಿದೆ: 65 ದಾಟಿದ ಹೆಂಗಸರಿಗೆ ಈಸ್ಟ್ರೊಜೆನ್, ಪ್ರೊಜೆಸ್ಟಿನ್ ಜೋಡಿ ಕೊಟ್ಟ ಪ್ರಯೋಗದಲ್ಲಿ ಡಿಮೆನ್ಶಿಯಾ ಸುಮಾರು ಎರಡು ಪಟ್ಟಾಯಿತು ಎಂದು 2003ರಲ್ಲಿ ಪ್ರಕಟವಾಗಿದೆ.

ಏನಾಯಿತು

ಹತ್ತು ದಿನದಲ್ಲಿ ಮಂಚದ ಮೇಲಿನ ಹುಡುಗರು ಹೋದರು. ಒಂದು ತಿಂಗಳಲ್ಲಿ ಒದ್ದೆಯಾಗುವುದು ಅರ್ಧಕ್ಕಿಳಿಯಿತು, ಅವ್ವ ಮತ್ತೆ ಗುಡಿಗೆ ಹೊರಟರು. ಅಂಗಾಲಿನ ಉರಿ ಕಡಿಮೆಯಾಗಲು ಮೂರು ತಿಂಗಳು ಹಿಡಿಯಿತು.

ನಡುವೆ ಒಂದು ಹಿನ್ನಡೆ. ನಿದ್ದೆ ಬರುತ್ತಿಲ್ಲವೆಂದು ಬಂಧುವೊಬ್ಬರು ಜೋಲ್ಪಿಡೆಮ್ 10 ಮಿ.ಗ್ರಾಂ ತಂದುಕೊಟ್ಟರು. ಹೆಂಗಸರ ದೇಹ ಈ ಔಷಧಿಯನ್ನು ನಿಧಾನವಾಗಿ ಹೊರಹಾಕುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಹೆಂಗಸರ ಪ್ರಮಾಣವನ್ನು 10ರಿಂದ 5ಕ್ಕೆ ಇಳಿಸಿತ್ತು. ಮೂರನೇ ರಾತ್ರಿ ಬಚ್ಚಲಲ್ಲಿ ಬಿದ್ದರು. ಎಲುಬು ಮುರಿಯಲಿಲ್ಲ ಎಂಬುದು ಅದೃಷ್ಟ. ಗುಳಿಗೆ ಡಬ್ಬಿ ಅಂದಿನಿಂದ ಸೊಸೆಯ ಕೈಗೆ ಬಂತು. ಕಿವಿಯಂತ್ರವೂ ಅರ್ಧ ಗೆಲುವು: ಮಗ್ಗದ ಸದ್ದಿನಲ್ಲಿ ಸಿಳ್ಳೆ ಹಾಕುತ್ತದೆ ಎಂದು ತೆಗೆದಿಡುತ್ತಾರೆ, ಮನೆಯೊಳಗೆ ಮಾತ್ರ ಹಾಕುತ್ತಾರೆ.

ಆರು ತಿಂಗಳಿಗೆ ಬಿ12 ಸರಿಯಾಗಿತ್ತು. ಎಚ್‌ಎಂಎಸ್‌ಇನಲ್ಲಿ 30ಕ್ಕೆ 25. ಕಂಡಿಕೆಗಳನ್ನು ಬಣ್ಣಕ್ಕೊಂದು ಬುಟ್ಟಿಯಲ್ಲಿ ಇಟ್ಟರೆ ತಪ್ಪದೆ ಕೊಡುತ್ತಿದ್ದರು. ಆದರೆ ಮೂರು ಪದಗಳಲ್ಲಿ ನೆನಪಾದದ್ದು ಒಂದೇ. ಮಂಕು ಕಳೆದ ಮೇಲೂ ಅಡಿಯಲ್ಲಿ ಏನೋ ಉಳಿದಿತ್ತು. ದಿನದ ಕೆಲಸ ಸಾಗುತ್ತಿದ್ದುದರಿಂದ ಇದನ್ನು ಸೌಮ್ಯ ಅರಿವಿನ ಕುಂದು ಎಂದು ಹೆಸರಿಸಿ, ಆ ಹಂತದಲ್ಲಿ ಉಪಯೋಗವಿಲ್ಲದ ಡೊನೆಪೆಜಿಲ್ ನಿಲ್ಲಿಸಿದರು. ಹದಿನಾಲ್ಕನೇ ತಿಂಗಳಿಗೆ ಸೊಸೆ ತಾನಾಗಿ ಬಂದು ಹೇಳಿದಳು: ಮನೆಯಿಂದ ಗುಡಿಗೆ ಹೋಗುವ ದಾರಿಯೇ ತಪ್ಪಿದೆ, ಒಲೆಯ ಮೇಲೆ ಹಾಲಿಟ್ಟು ಮರೆತಿದ್ದಾರೆ. ಸಕ್ಕರೆ, ಸೋಂಕು, ಗುಳಿಗೆ ಎಲ್ಲ ನೋಡಿಯಾಯಿತು. ಈ ಬಾರಿ ನೆಪಗಳಿರಲಿಲ್ಲ. ಪದಗಳ ನೆನಪು ಸೊನ್ನೆ. ಆಲ್ಜೈಮರ್ ಎಂಬ ಮೊದಲ ಆಸ್ಪತ್ರೆಯ ಮಾತು ಕೊನೆಗೆ ನಿಜವೇ ಆಯಿತು, ಆದರೆ ಅಂದಿನ ಆಧಾರಗಳಿಂದಲ್ಲ. ನಡುವಿನ ಒಂದು ವರ್ಷ ಅವ್ವ ಮನೆಯಲ್ಲಿ ಕೆಲಸಕ್ಕೆ ಬರುವ ಮನುಷ್ಯಳಾಗಿ ಇದ್ದರು. ಡೊನೆಪೆಜಿಲ್ 5 ಮಿ.ಗ್ರಾಂ ಮತ್ತೆ ಸುರುವಾಗಿದೆ, 10ಕ್ಕೆ ಏರಿಸಿಲ್ಲ. ಚೀಟಿಯಲ್ಲಿ ‘ಮೂತ್ರದ ತೊಂದರೆಯಾದರೆ ಆಕ್ಸಿಬ್ಯುಟಿನಿನ್ ಕೊಡಬೇಡಿ, ಮೊದಲು ನಮಗೆ ತಿಳಿಸಿ’ ಎಂದು ಕೆಂಪು ಶಾಯಿಯಲ್ಲಿದೆ.

ಸೊಸೆಯ ಕಡತ

60 ದಾಟಿದ ಭಾರತೀಯರಲ್ಲಿ ಡಿಮೆನ್ಶಿಯಾ ಶೇ 7.4, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ಹೇಳುತ್ತದೆ. ಹೆಂಗಸರು ಹೆಚ್ಚು ಕಾಲ ಬದುಕುವುದು ಅದಕ್ಕೆ ಒಂದು ಕಾರಣ ಮಾತ್ರ. ಶಾಲೆ ತಪ್ಪಿದ್ದು, ಒಂಟಿತನ, ಕಿವುಡು ಈ ಪ್ರಕರಣದಲ್ಲೇ ಇದ್ದವು. ಅಂಡಾಶಯ ತೆಗೆದದ್ದು ಕೂಡ. ಇವುಗಳಲ್ಲಿ ಕೆಲವು ನಲವತ್ತರ ಆಚೀಚೆಯೇ ತೀರ್ಮಾನವಾಗಿಬಿಡುತ್ತವೆ.

ಸೊಸೆಗೆ 38. ತಂಡದ ನರ್ಸ್ ಒಂದು ಭೇಟಿಯಲ್ಲಿ ಆಕೆಯ ಕಣ್ಣು ಬಿಳಿಚಿದ್ದನ್ನು ನೋಡಿ ಕೇಳಿದಾಗ ಗೊತ್ತಾಯಿತು: ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತದೆ, ಹಿಮೋಗ್ಲೋಬಿನ್ 8.1, ‘ಎಲ್ಲಾ ತೆಗೆಸಿಬಿಡ್ರಿ’ ಎಂಬ ಸಲಹೆ ಸಿಕ್ಕಿದೆ, ಆಪರೇಶನ್ನಿಗೆ ದಿನವೂ ನಿಗದಿಯಾಗಿದೆ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅದನ್ನು ಅಳವಡಿಸಿಕೊಳ್ಳಬೇಕೆಂದು ಹೇಳಿದೆ. ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿದಾಗ ಸ್ಕ್ಯಾನ್‌ನಲ್ಲಿ ಕಂಡದ್ದು ಗರ್ಭಕೋಶದ ಗೋಡೆಯೊಳಗಿನ ಸಣ್ಣ ಗಡ್ಡೆ. ಗರ್ಭಕೋಶದ ಒಳಗೆ ಇಡುವ ಹಾರ್ಮೋನ್ ಸಾಧನ ಹಾಕಿ, ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಐದು ತಿಂಗಳಿಗೆ ಹಿಮೋಗ್ಲೋಬಿನ್ 11 ಮುಟ್ಟಿದೆ, ಆಪರೇಶನ್ನಿನ ದಿನ ರದ್ದಾಗಿದೆ. ಮುಂದೆ ತೆಗೆಯಲೇಬೇಕಾದರೂ ಅಂಡಾಶಯ ಉಳಿಸಬೇಕೆಂದು ಆಕೆ ತನ್ನ ಕಡತದ ಮೊದಲ ಹಾಳೆಯಲ್ಲೇ ಬರೆಸಿಕೊಂಡಿದ್ದಾಳೆ.